ಸೊಪ್ಪಿನ ಮರ

ತೋಡಾರಿನ ನಮ್ಮ ಬಾಡಿಗೆ ಮನೆಯಲ್ಲಿ ಅಮ್ಮ ಊಟ ಮಾಡುವುದನ್ನು ನೋಡಿದವರಿಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಆಗ ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಹಾಗೇ ಇತ್ತು. ಅಪ್ಪ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು, ಹೆಚ್ಚಿನ ದಿನ ಮನೆಯಲ್ಲಿ ಇರುತ್ತಿರಲಿಲ್ಲ. ಚಾವಡಿಯಲ್ಲಿ ಅಜ್ಜಿ, ನಾನು ಮತ್ತು ಅಪ್ಪನ ತಂಗಿ ವಾರಿಜತ್ತೆ ಸಾಲಾಗಿ ಕೂತು ಉಣ್ಣುತ್ತಿದ್ದೆವು. ನಮ್ಮ ಕೈ ತೊಳೆದಾದ ಮೇಲೆ ಅಮ್ಮ ಅಡುಗೆಮನೆಯೊಳಗೆ ಹೋಗಿ, ಒಲೆಯ ಕಡೆ ಮುಖ ಮಾಡಿ, ಪಾತ್ರೆಯ ತಳದಲ್ಲಿ ಉಳಿದದ್ದನ್ನು ಬಟ್ಟಲಿಗೆ ಹಾಕಿಕೊಳ್ಳುತ್ತಿದ್ದಳು. ಅವಳ ಬೆನ್ನು ಮಾತ್ರ ಕಾಣುತ್ತಿತ್ತು. ಏನು ಉಂಡಳು, ಎಷ್ಟು ಉಂಡಳು ಎಂದು ಕೇಳುವುದು ಯಾರಿಗೂ ಹೊಳೆಯುತ್ತಿರಲಿಲ್ಲ. ಮನೆ ಎಂದರೆ ಮೂರು ಕೋಣೆ: ರಸ್ತೆಯ ಕಡೆಗೆ ಚಾವಡಿ, ನಡುವೆ ಕಿಟಕಿಯಿಲ್ಲದ ಒಳಕೋಣೆ, ಹಿಂದೆ ಅಡುಗೆಮನೆ. ಮಂಗಳೂರಿಗೆ ಹೋಗುವ ಲಾರಿಗಳು ಎದುರಿನಿಂದ ಹಾದಾಗಲೆಲ್ಲ ಗೋಡೆಯ ಫೋಟೊಗಳು ಸಣ್ಣಗೆ ಅಲುಗಾಡುತ್ತಿದ್ದವು. ಅಜ್ಜಿ ಮತ್ತು ಅಮ್ಮ ಹಗಲಿಡೀ ಚಾವಡಿಯಲ್ಲಿ ಮಡಿಲ ಮೇಲೆ ಮೊರ ಇಟ್ಟುಕೊಂಡು ಬೀಡಿ ಕಟ್ಟುತ್ತಿದ್ದರು. ಮನೆಯ ಪ್ರತಿಯೊಂದು ಬಟ್ಟೆಗೂ, ನನ್ನ ಶಾಲೆಯ ಪುಸ್ತಕಗಳಿಗೂ ಹೊಗೆಸೊಪ್ಪಿನ ವಾಸನೆ ಇತ್ತು.

ವಾರಿಜತ್ತೆ ಮಾತ್ರ ಬೀಡಿ ಕಟ್ಟುತ್ತಿರಲಿಲ್ಲ. ಅವಳು ಮೂಡಬಿದಿರೆಯ ಒಂದು ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ಸಂಜೆ ಬರುವಾಗ ಅವಳ ಕೈಯಲ್ಲಿ ಏನಾದರೊಂದು ಇರುತ್ತಿತ್ತು. ನನಗೆ ಕ್ಲಿಪ್ಪು, ಅಜ್ಜಿಗೆ ವೀಳ್ಯದೆಲೆ, ಅಮ್ಮನಿಗೆ ರವಕೆಗೆ ಆಗುವ ತುಂಡು ಬಟ್ಟೆ. ಒಂದು ದಿನ ಅವಳು ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ ಮಣ್ಣು ಸಮೇತ ಇದ್ದ ಒಂದು ಗಿಡವನ್ನು ಎದೆಗೆ ಒತ್ತಿ ಹಿಡಿದುಕೊಂಡು ಬಸ್ಸಿನಿಂದ ಇಳಿದಳು. ಬಸ್‌ಸ್ಟ್ಯಾಂಡಿನ ಹತ್ತಿರ ಯಾರೋ ಪಿಕಪ್ ನಿಲ್ಲಿಸಿ ಕಸಿ ಮಾವು, ಗುಲಾಬಿ ಎಲ್ಲ ಮಾರುತ್ತಿದ್ದನಂತೆ. ಇದಕ್ಕೆ ಹೂವಿರಲಿಲ್ಲ, ಕಾಯಿರಲಿಲ್ಲ. ಅಂಗೈ ಬಿಡಿಸಿದ ಹಾಗಿನ ಎಲೆಗಳು, ದಪ್ಪ ಹಸಿರು. ನಮ್ಮ ಮನೆಯ ಮಾತು ತುಳು. ಆಡಿದ್ದನ್ನು ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆದರೆ ಆ ಸಂಜೆಯ ಮಾತು ನನ್ನ ಕಿವಿಯಲ್ಲಿ ಹಾಗೆಯೇ ಉಂಟು.

"ಇದೆಂತದು ಮಾರಾಯ್ತಿ, ಮರಗೆಣಸಾ?" ಎಂದಳು ಅಮ್ಮ.

"ಅಲ್ಲ ಅತ್ತಿಗೆ. ಸೊಪ್ಪಿನ ಮರವಂತೆ. ಒಮ್ಮೆ ನೆಟ್ಟರೆ ಆಯ್ತು, ಸಾಯುವವರೆಗೆ ಸೊಪ್ಪು ಕೊಯ್ಯಬಹುದಂತೆ."

"ಯಾರು ಸಾಯುವವರೆಗೆ? ಗಿಡವಾ, ನೀನಾ?"

ವಾರಿಜತ್ತೆ ಅಮ್ಮನ ಬೆನ್ನಿಗೆ ಗುದ್ದಿದಳು. ನಾವೆಲ್ಲ ನಕ್ಕೆವು. ಅಜ್ಜಿ ಮಾತ್ರ ಕತ್ತರಿಸುತ್ತಿದ್ದ ಬೀಡಿ ಎಲೆಯನ್ನು ಕೆಳಗಿಟ್ಟು, ಗಿಡದ ಒಂದು ಎಲೆಯನ್ನು ಚಿವುಟಿದರು. ತೊಟ್ಟಿನಿಂದ ಹಾಲು ಬಂತು.

"ಹೆಸರೆಂತ ಹೇಳಿದ, ಮಾರಿದವ?"

"ಕೇಳ್ಲಿಲ್ಲ ಅಮ್ಮ. ಬಸ್ಸು ಹೊರಟಿತ್ತು."

"ಹಾಲು ಬರುವ ಸೊಪ್ಪು. ಹೆಸರು ಗೊತ್ತಿಲ್ಲದ್ದನ್ನು ಒಲೆಗೆ ಇಡ್ಲಿಕ್ಕಿಲ್ಲ ನೋಡು."

ಗಿಡವನ್ನು ಬಚ್ಚಲಿನ ನೀರು ಹರಿಯುವ ಕಡೆ ನೆಟ್ಟರು. ಅಡುಗೆಮನೆಯ ಕಿಟಕಿಯಿಂದ ನೇರ ಕಾಣುವ ಜಾಗ. ಅದು ಬೆಳೆದ ವೇಗಕ್ಕೆ ನಮಗೆಲ್ಲ ಆಶ್ಚರ್ಯ. ಮಳೆ ಹಿಡಿಯುವ ಹೊತ್ತಿಗೆ ನನಗಿಂತ ಎತ್ತರವಾಗಿತ್ತು. ಆಮೇಲೆ ದಿನಾ ಅದರದ್ದೇ ವಾದ. ವಾರಿಜತ್ತೆಗೆ ಸೊಪ್ಪು ತಿನ್ನುವ ಆಸೆ, ಅಜ್ಜಿಗೆ ಒಪ್ಪಿಗೆಯಿಲ್ಲ. ಒಂದು ದಿನ ಅಜ್ಜಿ ತೀರ್ಮಾನವಾಗಲಿ ಎಂದು ಒಂದು ಕಟ್ಟು ಸೊಪ್ಪು ಕೊಯ್ದು ಪಕ್ಕದ ಮನೆಯ ದನದ ಮುಂದೆ ಇಟ್ಟರು. ನಾನು ಅವರ ಸೆರಗು ಹಿಡಿದು ನಿಂತಿದ್ದೆ. ದನ ಮೂಸಿತು, ಉಸಿರು ಬಿಟ್ಟು ಮುಖ ಆ ಕಡೆ ತಿರುಗಿಸಿತು.

"ಕಂಡಿಯಾ?" ಎಂದರು ಅಜ್ಜಿ ಮನೆಗೆ ಬಂದು. "ಬಾಯಿ ಬಾರದ ಪ್ರಾಣಿಗೆ ಗೊತ್ತುಂಟು, ನಿನಗೆ ಗೊತ್ತಿಲ್ಲ."

"ಆ ದನ ಹಾಗಲದ ಬಳ್ಳಿಯನ್ನೂ ತಿನ್ನುವುದಿಲ್ಲ. ನೀವು ಹಾಗಲಕಾಯಿ ಬಿಟ್ಟಿದ್ದೀರಾ?" ಎಂದಳು ವಾರಿಜತ್ತೆ. "ಅತ್ತಿಗೆ, ನೀವು ಮಾಡಿ. ತಿನ್ನುವವಳು ನಾನು."

ಅಮ್ಮ ಎರಡು ಕಡೆಗೂ ಮುಖ ನೋಡಿದಳು. ಆ ಮನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆದು ಕೆಲಸ ಹೇಳದೆ, ಕೇಳಿಕೊಳ್ಳುತ್ತಿದ್ದವಳು ವಾರಿಜತ್ತೆ ಒಬ್ಬಳೇ. ಮಾರನೆಯ ಸಂಜೆ ಅಮ್ಮ ಸೊಪ್ಪು ಕೊಯ್ದಳು. ಹಾಲು ಇರುವ ಸೊಪ್ಪೆಂದು ಮೊದಲು ತುಂಬ ಹೊತ್ತು ನೀರಿನಲ್ಲಿ ಕುದಿಸಿ, ಆ ನೀರನ್ನು ಹೊರಗೆ ಚೆಲ್ಲಿ, ಮತ್ತೆ ತೆಂಗಿನಕಾಯಿ ಹಾಕಿ ಪಲ್ಯ ಮಾಡಿದಳು. ಊಟಕ್ಕೆ ಕೂತಾಗ ಅಜ್ಜಿ ತನ್ನ ಬಟ್ಟಲಿನ ಮೇಲೆ ಕೈ ಅಡ್ಡ ಹಿಡಿದರು. "ಮಗುವಿಗೂ ಬೇಡ" ಎಂದರು. ನನಗೆ ಉಪ್ಪಿನಕಾಯಿ ಸಿಕ್ಕಿತು. ವಾರಿಜತ್ತೆ ಗಂಜಿಯ ಜೊತೆ ಆ ಪಲ್ಯವನ್ನು, ಪ್ರತಿ ತುತ್ತಿಗೂ ಅಜ್ಜಿಯ ಕಡೆ ನೋಡಿ ತಲೆ ಆಡಿಸುತ್ತ, ಮತ್ತೆ ಮತ್ತೆ ಹಾಕಿಸಿಕೊಂಡು ತಿಂದಳು. ಅಜ್ಜಿಯೂ ಕೊನೆಗೆ ನಗು ತಡೆಯಲಾರದೆ ಮುಖ ತಿರುಗಿಸಿದರು. ಆಮೇಲೆ ಅಮ್ಮ ಎಂದಿನಂತೆ ಒಳಗೆ ಹೋದಳು.

ಎರಡು ದಿನ ಕಳೆದು ವಾರಿಜತ್ತೆಗೆ ಜ್ವರ ಬಂತು. ಮೈಕೈ ನೋವು, ವಾಂತಿ. ಮಳೆಗಾಲದ ಜ್ವರವೆಂದು ಮೂಡಬಿದಿರೆಯಲ್ಲಿ ಮದ್ದು ತಂದರು. ಕಡಿಮೆಯಾಗಲಿಲ್ಲ. ಕಣ್ಣು ಹಳದಿಯಾದಾಗ ಅಪ್ಪ ಮಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದರು. ನನ್ನನ್ನು ಬಿಡಲು ಜನವಿಲ್ಲದ್ದರಿಂದ ನಾನೂ ಹೋದೆ. ಉದ್ದದ ಓಣಿಯಲ್ಲಿ ಬೆಂಚಿನ ಮೇಲೆ ಅಜ್ಜಿ ಮತ್ತು ಅಮ್ಮನ ನಡುವೆ ಕೂತಿದ್ದೆ. ಚಿಕ್ಕ ಪ್ರಾಯದ ಡಾಕ್ಟರು ಬಂದು ಕೇಳಿದರು.

"ಹೊರಗೆ ಎಂತಾದರೂ ತಿಂದಿದ್ದರಾ?"

"ಹೊರಗೆ ಅಲ್ಲ, ಮನೆಯಲ್ಲೇ," ಎಂದರು ಅಜ್ಜಿ. "ಹೆಸರಿಲ್ಲದ ಒಂದು ಸೊಪ್ಪು. ಪೇಟೆಯಿಂದ ತಂದ ಗಿಡದ್ದು. ಇವಳು ಮಾಡಿದ್ದು."

"ಬೇರೆ ಯಾರು ತಿಂದಿದ್ದೀರಿ?"

ಅಜ್ಜಿ ಅಮ್ಮನನ್ನು ನೋಡಿದರು. ಅಪ್ಪನೂ ನೋಡಿದರು.

"ನಾನು ತಿಂದಿದ್ದೇನೆ," ಎಂದಳು ಅಮ್ಮ. "ನಂಗೆ ಎಂತ ಆಗ್ಲಿಲ್ಲ."

"ಹಾಗಾದರೆ ಅದಲ್ಲ," ಎಂದು ಡಾಕ್ಟರು ಒಳಗೆ ಹೋದರು. ಇಲಿಜ್ವರ ಇರಬಹುದು, ಈ ಮಳೆಯಲ್ಲಿ ತುಂಬ ಬರುತ್ತಿದೆ ಎಂದು ಮತ್ತೆ ಹೇಳಿದರು. ಅದಕ್ಕೇ ಮದ್ದು ಕೊಟ್ಟರು. ವಾರಿಜತ್ತೆ ಆ ಆಸ್ಪತ್ರೆಯಿಂದ ತಿರುಗಿ ಬರಲಿಲ್ಲ.

ಅಜ್ಜಿ ಅಮ್ಮನ ಮೇಲೆ ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅಮ್ಮ ಉತ್ತರ ಕೊಡಬಹುದಿತ್ತು. ಬದಲಿಗೆ, ಊಟಕ್ಕೆ ಕೂತಾಗ ಬಡಿಸಿದ ಪದಾರ್ಥವನ್ನು ಮುಟ್ಟದೆ ಕಾಯತೊಡಗಿದರು.

"ಲೀಲಾ, ಉಪ್ಪು ಹಾಕಿದ್ದು ಜಾಸ್ತಿಯಾ ನೋಡು."

ಅಮ್ಮ ಅಂಗೈಗೆ ಒಂದಿಷ್ಟು ಹಾಕಿಕೊಂಡು, ನಿಂತಲ್ಲೇ ಬಾಯಿಗೆ ಹಾಕಿ, "ಸರಿ ಉಂಟು ಮಾಮಿ" ಎನ್ನುತ್ತಿದ್ದಳು. ಅವಳು ನುಂಗಿದ ಮೇಲೆ ಅಜ್ಜಿ ಅನ್ನ ಕಲಸುತ್ತಿದ್ದರು. ಮೊದಮೊದಲು ನನಗೆ ಇದು ಉಪ್ಪಿನ ವಿಷಯವೆಂದೇ ಅನಿಸಿತ್ತು. ದೊಡ್ಡವಳಾಗುತ್ತ ಹೋದ ಹಾಗೆ ಅದು ಏನೆಂದು ತಿಳಿಯಿತು. ನಾನು ಬೇಗ ಬೇಗ ಉಂಡು ಏಳುವುದನ್ನು ಕಲಿತೆ. ಇಂದಿಗೂ ಯಾರಾದರೂ ನನಗೆ ಬಡಿಸಿ ಎದುರು ನಿಂತರೆ ಊಟ ಸೇರುವುದಿಲ್ಲ. ಹೆಚ್ಚು ಮಾತಾಡುವವಳಲ್ಲ ಎಂದು ಜನ ನನ್ನ ಬಗ್ಗೆ ಹೇಳುತ್ತಾರೆ. ಆ ಮನೆಯಲ್ಲಿ ಮಾತು ಕಡಿಮೆಯಾದದ್ದು ಹೇಗೆಂದು ನಾನು ಕಣ್ಣಾರೆ ನೋಡಿದವಳು.

ಗಿಡವನ್ನು ಕಡಿಯಬೇಕೆಂದು ಅಪ್ಪ ಕತ್ತಿ ಹಿಡಿದು ಹೋದ ದಿನ ಅಜ್ಜಿ ಬಚ್ಚಲಿನ ಹತ್ತಿರ ಅಡ್ಡ ನಿಂತರು.

"ಮುಟ್ಟಬೇಡ. ಅದು ಎಂತದು ಅಂತ ಗೊತ್ತಾಗುವವರೆಗೆ ಅಲ್ಲೇ ಇರ್ಲಿ."

ಅಪ್ಪ ತನ್ನ ಬಸ್ಸು ನಿಲ್ಲುವ ಎಲ್ಲ ಕಡೆ, ಮಡಂತ್ಯಾರಿನಲ್ಲಿ, ಬೆಳ್ತಂಗಡಿಯಲ್ಲಿ, ಗಿಡ ಮಾರುವವರು ಕಂಡರೆ ಇಳಿದು ವಿಚಾರಿಸುತ್ತಿದ್ದರು. ಆ ಪಿಕಪ್ಪಿನವನು ಸಿಗಲಿಲ್ಲ. ಒಬ್ಬ ಎಲೆ ನೋಡಿ ತಿನ್ನುವುದೇ ಎಂದನಂತೆ, ಇನ್ನೊಬ್ಬ ಬೇಲಿಗೆ ಹಾಕುವುದು, ವಿಷ ಎಂದನಂತೆ. ಬೇಸಿಗೆಯಲ್ಲಿ ನೀರಿಗೆ ಕಷ್ಟವಿದ್ದಾಗಲೂ ಅಜ್ಜಿ ಪಾತ್ರೆ ತೊಳೆದ ನೀರನ್ನು ಕೊಡಪಾನದಲ್ಲಿ ಹೊತ್ತುಕೊಂಡು ಹೋಗಿ ಅದರ ಬುಡಕ್ಕೆ ಹಾಕುತ್ತಿದ್ದರು. ಅವರು ಸಾಕ್ಷಿಯನ್ನು ಕಾಪಾಡುತ್ತಿದ್ದರೋ, ಮಗಳು ತಂದ ಕೊನೆಯ ವಸ್ತುವನ್ನೋ, ನನಗೆ ಗೊತ್ತಾಗಲೇ ಇಲ್ಲ. ಗಿಡ ಅಡುಗೆಮನೆಯ ಕಿಟಕಿಯನ್ನು ಮುಚ್ಚುವಷ್ಟು ಬೆಳೆಯಿತು. ಅಮ್ಮ ಅದರ ಹಸಿರು ನೆರಳಿನಲ್ಲೇ ಅಡುಗೆ ಮಾಡುತ್ತಿದ್ದಳು. ಗಾಳಿ ಬಂದರೆ ಎಲೆಗಳು ಕಿಟಕಿಯ ಸರಳನ್ನು ತಟ್ಟುತ್ತಿದ್ದವು. ಹಿಂದೆ ವಾರಿಜತ್ತೆ ಕೆಲಸದಿಂದ ಬಂದು ಹಿಂಬದಿಯಿಂದ "ಅತ್ತಿಗೆ, ಚಾ ಉಂಟಾ?" ಎಂದು ಕೇಳುವಾಗ ಹಾಗೇ ತಟ್ಟುತ್ತಿದ್ದಳು. ಅಮ್ಮ ಪ್ರತಿ ಸಲವೂ ತಲೆ ಎತ್ತುತ್ತಿದ್ದಳು.

ನಮ್ಮಲ್ಲಿ ಮಳೆಗಾಲದ ನಡುವಿನ ಆಟಿ ತಿಂಗಳಲ್ಲಿ ಒಂದು ದಿನ ಮನೆಯಲ್ಲಿ ತೀರಿಕೊಂಡವರಿಗೆ, ಅಂದರೆ ಕುಲೆಗಳಿಗೆ, ಬಡಿಸುವ ಕ್ರಮ ಇದೆ. ಒಳಕೋಣೆಯಲ್ಲಿ ಬಾಳೆ ಎಲೆ ಹಾಕಿ, ಬದುಕಿದ್ದಾಗ ಅವರಿಗೆ ಇಷ್ಟವಿದ್ದದ್ದನ್ನೆಲ್ಲ ಬಡಿಸಿ, ಹೆಸರು ಹೇಳಿ ಕರೆದು, ಬಾಗಿಲು ಎಳೆದುಕೊಂಡು ನಾವು ಹೊರಗೆ ಕಾಯಬೇಕು. ಅವರು ಉಂಡಿರಬಹುದು ಎನಿಸುವಷ್ಟು ಹೊತ್ತಾದ ಮೇಲೆ ಬಾಗಿಲು ತಟ್ಟಿ ಒಳಗೆ ಹೋಗುವುದು. ಅವರಿಗೆ ಬಡಿಸಿದ್ದನ್ನೇ ಆಮೇಲೆ ಮನೆಯವರೆಲ್ಲ ಉಣ್ಣುವುದು. ವಾರಿಜತ್ತೆ ಹೋದ ಮರುವರ್ಷ ಅವಳ ಎಲೆಗೆ ಬಂಗುಡೆ, ನೀರುದೋಸೆ, ಬಟಾಟೆ ಪೋಡಿ ಎಲ್ಲ ಆಯಿತು. ಇನ್ನೇನು ಬಾಗಿಲು ಎಳೆಯಬೇಕು, ಅಪ್ಪ ಹಿಂದು ಮುಂದು ನೋಡದೆ ಹೇಳಿಬಿಟ್ಟರು.

"ಅವಳಿಗೆ ಆ ಸೊಪ್ಪು ಎಷ್ಟು ಇಷ್ಟ ಆಗಿತ್ತು ಅಲ್ಲವಾ, ಪಾಪ."

ಬಡಿಸಿದರೆ ನಾವು ಉಣ್ಣಬೇಕು. ಬಡಿಸದಿದ್ದರೆ ಅವಳು ಕಡೆಯದಾಗಿ ಕೇಳಿ ತಿಂದದ್ದು ಅವಳ ಎಲೆಯಲ್ಲಿ ಇಲ್ಲ. ಅಜ್ಜಿ ಬಾಗಿಲು ಎಳೆದರು. ಅಂದಿನಿಂದ ಪ್ರತಿ ವರ್ಷ ಆ ಎಲೆಯ ಒಂದು ಮೂಲೆಯನ್ನು ಅಮ್ಮ ಖಾಲಿ ಬಿಡುತ್ತಿದ್ದಳು. ಮರೆತು ಬಿಟ್ಟದ್ದಲ್ಲವೆಂದು ನೋಡಿದರೆ ಗೊತ್ತಾಗುತ್ತಿತ್ತು.

ನಾನು ಮೂಡಬಿದಿರೆಯಲ್ಲಿ ಡಿಗ್ರಿಗೆ ಸೇರಿದಾಗ ಸಸ್ಯಶಾಸ್ತ್ರ ತೆಗೆದುಕೊಂಡೆ. ಗಿಡದ ಕಾರಣಕ್ಕೆ ಎಂದು ಯಾರಿಗೂ ಹೇಳಲಿಲ್ಲ. ಎಲೆಗಳನ್ನು ಒಣಗಿಸಿ ಹಾಳೆಗೆ ಅಂಟಿಸಿ ತರಬೇಕಿತ್ತು. ಒಂದು ಬೆಳಗ್ಗೆ ಬಚ್ಚಲಿನ ಹತ್ತಿರ ಹೋಗಿ ಒಂದು ಸಣ್ಣ ಗೆಲ್ಲು ಮುರಿದೆ. ಅಮ್ಮ ಕಿಟಕಿಯಿಂದ ನೋಡಿದವಳು ಒದ್ದೆ ಕೈಯಲ್ಲೇ ಓಡಿ ಬಂದು ಅದನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಇದು ಬೇಡ."

"ಹೆಸರು ಗೊತ್ತಾದರೆ ಒಳ್ಳೆದಲ್ಲವಾ ಅಮ್ಮ? ನೀನೂ ತಿಂದಿದ್ದಿ, ನಿಂಗೆ ಎಂತ ಆಗ್ಲಿಲ್ಲ. ಅಜ್ಜಿಗೆ ಹೇಳಬಹುದು."

"ಬೇಡ ಅಂದೆನಲ್ಲ. ಬೇರೆ ಎಷ್ಟು ಗಿಡ ಉಂಟು ಊರಲ್ಲಿ."

ಅವಳು ಗೆಲ್ಲನ್ನು ಬಚ್ಚಲಿನ ಆಚೆ ಎಸೆದು ಒಳಗೆ ಹೋದಳು. ನಾನು ದಾಸವಾಳ ತೆಗೆದುಕೊಂಡು ಹೋದೆ. ಎಂಎಸ್ಸಿ ಮುಗಿಯುವವರೆಗೂ ಆ ಗಿಡವನ್ನು ಮುಟ್ಟಲಿಲ್ಲ. ಮನಸ್ಸಿನಲ್ಲಿ ಮಾತ್ರ ಅದು ಯಾವ ಕುಟುಂಬದ್ದೆಂದು ತಿಳಿದುಹೋಗಿತ್ತು. ಹಾಲು, ಎಲೆಯ ನರಗಳ ರೀತಿ, ಇವನ್ನು ನೋಡಿದ ಮೇಲೆ ಕಣ್ಣು ಮುಚ್ಚಿಕೊಳ್ಳಲಾಗುವುದಿಲ್ಲ. ಮರಗೆಣಸಿನ ಕುಟುಂಬ. ಅದೇ ಕುಟುಂಬದಲ್ಲಿ ಕಾಡುಹರಳೂ ಇದೆ, ಅದರ ಬೀಜ ತಿಂದ ಮಕ್ಕಳನ್ನು ಆಸ್ಪತ್ರೆಗೆ ಒಯ್ದದ್ದನ್ನು ಕೇಳಿದ್ದೇನೆ. ಊಟದ್ದು ಮತ್ತು ವಿಷದ್ದು ಇಷ್ಟು ಹತ್ತಿರದ ನೆಂಟರಾಗಿರುವ ಮನೆತನ ಇದು.

ಅಜ್ಜಿ ಎರಡು ವರ್ಷದ ಹಿಂದೆ ತೀರಿಕೊಂಡರು. ಕಡೆಯ ದಿನಗಳಲ್ಲಿ ಅವರಿಗೆ ಗಂಜಿ ಕುಡಿಸುತ್ತಿದ್ದವಳು ಅಮ್ಮನೇ. ಚಮಚ ಹತ್ತಿರ ತಂದರೆ ಅಜ್ಜಿ ಬಾಯಿ ತೆರೆಯದೆ ಅವಳ ಮುಖ ನೋಡುತ್ತಿದ್ದರು. ಅಮ್ಮ ಒಂದು ಚಮಚ ತಾನು ಕುಡಿದು ತೋರಿಸುತ್ತಿದ್ದಳು. ಆಗ ಅಜ್ಜಿಗೆ ನಮ್ಮೆಲ್ಲರ ಹೆಸರು ಮರೆತುಹೋಗಿತ್ತು. ಕಾಯುವುದು ಮಾತ್ರ ಮರೆತಿರಲಿಲ್ಲ.

ಆ ಕಾರ್ಯಗಳೆಲ್ಲ ಮುಗಿದು, ನಾನು ಒಂದು ಕಾಲೇಜಿನಲ್ಲಿ ಪಾಠ ಮಾಡಲು ಸೇರಿದ ಮೇಲೆ, ಒಂದು ಭಾನುವಾರ ಅಮ್ಮ ನನ್ನ ಮೇಜಿನ ಮೇಲೆ ಪೇಪರಿನಲ್ಲಿ ಸುತ್ತಿದ ಒಂದು ಗೆಲ್ಲು ಇಟ್ಟಳು. ತುದಿಯಲ್ಲಿ ಬಿಳಿ ಹೂವಿನ ಗೊಂಚಲಿತ್ತು.

"ಇದು ಎಂತದು ಅಂತ ನೋಡು."

ಮೊದಲು ಫೋನಿನಲ್ಲಿ ಫೋಟೊ ತೆಗೆದು ನೋಡಿದೆ. ಎಲೆಯ ಮೇಲ್ಭಾಗ ತೋರಿಸಿದರೆ ಪಪ್ಪಾಯಿ ಎಂದಿತು, ಹೂವು ತೋರಿಸಿದರೆ ಕಾಡುಹರಳಿನ ಜಾತಿಯ ಹೆಸರು ಹೇಳಿತು, ಸ್ವಲ್ಪ ದೂರದಿಂದ ತೋರಿಸಿದರೆ ಮರಗೆಣಸು. ಇಂಥ ಉತ್ತರವನ್ನು ನಂಬಿ ಯಾರೂ ಒಲೆ ಹಚ್ಚಬಾರದು. ಹೂವನ್ನು ಸೀಳಿ, ತೊಟ್ಟು ಎಲೆಗೆ ಸೇರುವಲ್ಲಿ ಉಬ್ಬಿದ ಗ್ರಂಥಿಯನ್ನು ಲೆನ್ಸಿನಲ್ಲಿ ನೋಡಿ, ಪುಸ್ತಕದ ವಿವರಗಳಿಗೆ ಒಂದೊಂದಾಗಿ ಹೊಂದಿಸಿದೆ. ಆದರೂ ನನ್ನ ಕಣ್ಣನ್ನು ಈ ಒಂದು ಗಿಡದ ವಿಷಯದಲ್ಲಿ ನಾನು ನಂಬಲಿಲ್ಲ. ಒಣಗಿಸಿದ ಹಾಳೆಯನ್ನು ನನಗೆ ಕಲಿಸಿದ ಮೇಡಂ ಹತ್ತಿರ ಒಯ್ದೆ. ಎಲ್ಲಿಯದು, ಯಾಕೆ ಎಂದು ಹೇಳಲಿಲ್ಲ. ಅವರೂ ಅದನ್ನೇ ಹೇಳಿದರು. ಚಾಯ. ಮೆಕ್ಸಿಕೋ ಕಡೆಯ ಸೊಪ್ಪಿನ ಗಿಡ, ಕೇರಳದಿಂದ ನಮ್ಮ ನರ್ಸರಿಗಳಿಗೂ ಬರುತ್ತದೆ. ಹಸಿಯಾಗಿ ತಿಂದರೆ ವಿಷ. ಚೆನ್ನಾಗಿ ಕುದಿಸಿದರೆ ವಿಷ ಹೋಗುತ್ತದೆ, ಆಮೇಲೆ ಬೇರೆ ಸೊಪ್ಪಿನಂತೆ ತಿನ್ನಬಹುದು.

ಮನೆಗೆ ಬಂದು ಅಮ್ಮನಿಗೆ ಎಲ್ಲವನ್ನೂ ಹೇಳಿದೆ, ಹಸಿಯ ವಿಷಯವನ್ನೂ ಬಿಡದೆ. ಅವಳು ಬೀಡಿಯ ಮೊರವನ್ನು ಪಕ್ಕಕ್ಕೆ ಸರಿಸಿದಳು.

"ನಾನು ಕುದಿಸಿದ್ದು ಸಾಕಾಗಿತ್ತಾ?"

"ಸಾಕಾಗಿತ್ತು. ನೀರು ಚೆಲ್ಲಿದ್ದು ನಂಗೆ ನೆನಪುಂಟು. ಬೇಯದೆ ಇದ್ದಿದ್ದರೆ ಅದೇ ರಾತ್ರಿ ಗೊತ್ತಾಗ್ತಿತ್ತು ಅಮ್ಮ. ಎರಡು ದಿನ ಬಿಟ್ಟು ಜ್ವರ ಬರುವುದಿಲ್ಲ, ಕಣ್ಣು ಹಳದಿ ಆಗುವುದಿಲ್ಲ. ಅತ್ತೆಗೆ ಆದದ್ದು ಇಲಿಜ್ವರವೇ. ಡಾಕ್ಟರು ಸರಿಯಾಗೇ ಹೇಳಿದ್ದು."

"ಡಾಕ್ಟರು ನನ್ನ ಮಾತು ಕೇಳಿ ಹೇಳಿದ್ದು," ಎಂದಳು ಅಮ್ಮ.

ನನಗೆ ಅರ್ಥವಾಗಲಿಲ್ಲ.

"ನಾನು ಅವತ್ತು ತಿಂದಿರ್ಲಿಲ್ಲ ಮಗಾ. ಒಳಗೆ ಹೋಗಿ ನೋಡಿದರೆ ಪಾತ್ರೆಯಲ್ಲಿ ಎಂತದೂ ಇರ್ಲಿಲ್ಲ, ಅವಳೇ ಪೂರ್ತಿ ತಿಂದು ಮುಗಿಸಿದ್ದಳು. ನಾನು ಉಪ್ಪಿನಕಾಯಿಯಲ್ಲಿ ಗಂಜಿ ಉಂಡೆ. ಆಸ್ಪತ್ರೆಯಲ್ಲಿ ಮಾಮಿ ಹಾಗೆ ನೋಡುವಾಗ, ತಿನ್ನಲಿಲ್ಲ ಅಂತ ಹೇಳಿದರೆ... ಅವಳಿಗೆ ಮಾತ್ರ ಹಾಕಿ ತಾನು ತಿನ್ನಲಿಲ್ಲ ಅಂತ ಆಗ್ತದಲ್ಲ. ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಡಾಕ್ಟರು ಸೊಪ್ಪಿನ ವಿಷಯ ಅಲ್ಲಿಗೇ ಬಿಟ್ಟರು. ಆಮೇಲೆ ಇಷ್ಟು ವರ್ಷ, ಅದು ಸೊಪ್ಪಿನಿಂದಲೇ ಆದದ್ದಾಗಿದ್ದರೆ, ನಾನು ಹೇಳಿದ ಒಂದು ಸುಳ್ಳಿಗೆ ಅವಳಿಗೆ ಬೇರೆ ಮದ್ದು ಸಿಕ್ಕಲಿಲ್ಲ ಅಂತ..."

ಅವಳು ಅಳಲಿಲ್ಲ. ನನಗೆ ಆಗ ಕಂಡದ್ದು ಅಡುಗೆಮನೆಯ ಆ ಬೆನ್ನು. ಅಜ್ಜಿ ಅಷ್ಟು ವರ್ಷ ಅನುಮಾನಿಸಿದ್ದು ತಪ್ಪಾಗಿತ್ತು. ಆದರೆ ಅಮ್ಮನ ಮಾತಿನಲ್ಲಿ ಏನೋ ಸರಿಯಿಲ್ಲವೆಂದು ಅವರಿಗೆ ಅನಿಸಿದ್ದು ತಪ್ಪಾಗಿರಲಿಲ್ಲ. ಒಂದೇ ಸೂರಿನ ಕೆಳಗೆ, ಒಂದೇ ಗಿಡದ ಎದುರು, ಇಬ್ಬರೂ ಒಂದೇ ಪ್ರಶ್ನೆಗೆ ಹೆದರಿಕೊಂಡು ಬದುಕಿದ್ದರು.

"ಮೊದಲೇ ನೋಡಲು ಬಿಡಬಹುದಿತ್ತಲ್ಲ," ಎಂದೆ.

"ವಿಷ ಅಂತ ಬಂದಿದ್ದರೆ? ಮಾಮಿ ಇದ್ದರು ಆಗ." ಮೊರವನ್ನು ಮತ್ತೆ ಮಡಿಲಿಗೆ ಎಳೆದುಕೊಂಡು, "ಅಲ್ಲ ಅಂತ ಈಗ ಗೊತ್ತಾಯ್ತು. ಹೇಳಲಿಕ್ಕೆ ಅವರೇ ಇಲ್ಲ," ಎಂದಳು.

ಆ ವರ್ಷದ ಆಟಿಯಲ್ಲಿ ಒಳಕೋಣೆಯಲ್ಲಿ ಎರಡು ಎಲೆಗಳಿದ್ದವು, ಒಂದು ಅಜ್ಜಿಗೆ, ಒಂದು ವಾರಿಜತ್ತೆಗೆ. ಅಮ್ಮ ಬೆಳಗ್ಗೆಯೇ ಸೊಪ್ಪು ಕೊಯ್ದು ತಂದಿದ್ದಳು. ಕುದಿಯುವುದನ್ನು ನಾನು ಪಕ್ಕದಲ್ಲಿ ನಿಂತು ನೋಡಿದೆ. ಸಾಕು ಎಂದ ಮೇಲೂ ಅವಳು ಇಳಿಸಲಿಲ್ಲ. ಪಲ್ಯವನ್ನು ಎರಡೂ ಎಲೆಗಳಿಗೆ ಬಡಿಸಿದಳು. ಅಪ್ಪ ಹೆಸರು ಹೇಳಿ ಕರೆದರು. ಬಾಗಿಲು ಎಳೆದುಕೊಂಡು ನಾವು ಚಾವಡಿಯಲ್ಲಿ ಕೂತೆವು. ಒಳಗಿನಿಂದ ಯಾವ ಸದ್ದೂ ಬರುವುದಿಲ್ಲವೆಂದು ನನಗೆ ಗೊತ್ತು, ನಾನು ಓದಿದವಳು. ಆದರೂ ಕಿವಿ ಅಲ್ಲೇ ಇತ್ತು. ಅಮ್ಮ ಎದ್ದು ಬಾಗಿಲು ತಟ್ಟಿದಳು.

ಒಳಗೆ ಹೋದವಳು ಹೊರಗೆ ಬರಲಿಲ್ಲ. ಆ ಎರಡು ಎಲೆಗಳ ಎದುರು, ನೆಲದ ಮೇಲೆ, ತನ್ನ ಬಟ್ಟಲು ಇಟ್ಟುಕೊಂಡು ಕೂತಳು. ನಾವು ಇನ್ನೂ ಉಂಡಿರಲಿಲ್ಲ.

"ಲೀಲಾ, ಹೊರಗೆ ಬಾ. ಒಟ್ಟಿಗೆ ಉಣ್ಣುವ," ಎಂದರು ಅಪ್ಪ ಬಾಗಿಲಲ್ಲಿ ನಿಂತು.

"ನೀವು ಉಣ್ಣಿ. ನಾನು ಇಲ್ಲೇ ಉಣ್ತೇನೆ."

ಅನ್ನಕ್ಕೆ ಸೊಪ್ಪು ಕಲಸಿ, ಮುಖ ಎತ್ತಿ, ನಿಧಾನ ಅಗಿದು ತಿಂದಳು. ನಾನು ಅವಳು ಊಟ ಮಾಡುವುದನ್ನು ಎದುರಿನಿಂದ ನೋಡಿದ್ದು ಅದೇ ಮೊದಲು. ಅಜ್ಜಿಯ ಎಲೆಯ ಕಡೆ ಒಮ್ಮೆ ನೋಡಿದಳು. ಆಮೇಲೆ ಪಕ್ಕದ ಎಲೆಗೆ ತಿರುಗಿದಳು. ಅವಳ ಸ್ವರ ಹಿಂದೆ ನಾದಿನಿಯನ್ನು ಕೆಣಕುವಾಗಿನದ್ದೇ ಆಗಿತ್ತು.

"ಅವತ್ತು ಒಂದು ತುತ್ತು ನನಗೂ ಅಂತ ಇಡ್ಲಿಕ್ಕೆ ಆಗ್ಲಿಲ್ಲ ಅಲ್ಲವಾ ನಿಂಗೆ, ವಾರಿಜಾ?"

ಅಮ್ಮ ಕೈ ಚಾಚಿ ಆ ಎಲೆಯಿಂದಲೇ ಇನ್ನೊಂದಿಷ್ಟು ಸೊಪ್ಪು ತನ್ನ ಬಟ್ಟಲಿಗೆ ಹಾಕಿಕೊಂಡಳು.